ಗಿಡ ಮೊದಲು, ರೆಕ್ಕೆ ಆಮೇಲೆ: ಸ್ಕಿಪ್ಪರ್ ಚಿಟ್ಟೆ ಗುರುತಿಸಲು 12 ಸೂತ್ರಗಳು

ಕೆಂಗೇರಿ ಉಪನಗರದ ಖಾಲಿ ಸೈಟು, ಬಸವೇಶ್ವರನಗರದ ಪಾರ್ಕಿನ ಬೇಲಿ, ವಿಜಯನಗರದ ಮೂರನೇ ಮಹಡಿಯ ಬಾಲ್ಕನಿ. ಮೂರೂ ಕಡೆ ಒಂದು ಪುಟ್ಟ ಕಂದು ಜೀವ ಸರ್ರನೆ ಬಂದು ಕೂರುತ್ತದೆ, ನೋಡುವಷ್ಟರಲ್ಲಿ ಎಗರಿ ಮಾಯವಾಗುತ್ತದೆ. ‘ಯಾವುದೋ ಪತಂಗ’ ಎಂದುಕೊಂಡು ಬಹಳ ಮಂದಿ ಮುಂದೆ ಹೋಗುತ್ತಾರೆ. ಫೋಟೊ ತೆಗೆದವರು ಪುಸ್ತಕ ತಿರುವಿ, ಅದೇ ಕಂದು ಬಣ್ಣದ, ಅದೇ ಬಿಳಿ ಚುಕ್ಕೆಯ ಸಾಲುಸಾಲು ಚಿತ್ರ ಕಂಡು ಕೈಚೆಲ್ಲುತ್ತಾರೆ.

ಅದು ಸ್ಕಿಪ್ಪರ್. ಹೆಸ್ಪೆರಿಡೀ ಎಂಬ ಕುಟುಂಬದ ಚಿಟ್ಟೆ. ಜಗತ್ತಿನಲ್ಲಿ ಇವುಗಳ ಸುಮಾರು 4,000 ಪ್ರಭೇದಗಳಿವೆ. ಭಾರತದಲ್ಲೇ 300ಕ್ಕೂ ಹೆಚ್ಚು. ಹೆಚ್ಚಿನವು ಬಿಸಿಲು ನಾಡಿನ ಕಾಡುಗಳವು. ಆದರೆ ಕಾಡಿನ ಗಿಡ ನಗರಕ್ಕೆ ಬಂದಲ್ಲೆಲ್ಲ ಅದರ ಬೆನ್ನಿಗೇ ಇವೂ ಬಂದಿವೆ. ಹಿತ್ತಲ ಗಿಡ ಮದ್ದಲ್ಲ ಎಂದು ಆಗುಂಬೆಗೆ ಓಡುವವರು ರಾಜಾಜಿನಗರದ ಹೊಂಗೆಸಾಲನ್ನೊಮ್ಮೆ ತಲೆಯೆತ್ತಿ ನೋಡಬೇಕು.

ಈ ಗುಂಪಿನಲ್ಲಿ ರೆಕ್ಕೆಯ ಬಣ್ಣವನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕು. ಕೂರುವ ಭಂಗಿ, ಹಾರುವ ಹೊತ್ತು, ಮರಿಹುಳು ತಿನ್ನುವ ಗಿಡ, ಈ ಮೂರು ತಿಳಿದರೆ ನೂರಾರು ಹೆಸರುಗಳ ಪಟ್ಟಿ ಹತ್ತಕ್ಕೆ ಇಳಿಯುತ್ತದೆ. ರೆಕ್ಕೆಯ ಚುಕ್ಕೆ ಕೆಲಸಕ್ಕೆ ಬರುವುದು ಆ ಹತ್ತನ್ನು ಒಂದಕ್ಕೆ ಇಳಿಸುವಾಗ. ಹೇಗೆಂದು ಒಂದೊಂದಾಗಿ ನೋಡೋಣ.

1. ಕುಡಿಮೀಸೆಯ ತುದಿಯಿಂದ ಶುರುಮಾಡಿ

ಎದುರಿಗಿರುವುದು ಸ್ಕಿಪ್ಪರ್ ಹೌದೇ ಎಂಬುದು ಮೊದಲ ಪ್ರಶ್ನೆ. ಬೇರೆ ಚಿಟ್ಟೆಗಳ ಕುಡಿಮೀಸೆ ತುದಿಯಲ್ಲಿ ಗುಂಡಗೆ ದಪ್ಪವಾಗಿ ಮುಗಿಯುತ್ತದೆ. ಸ್ಕಿಪ್ಪರಿನದು ದಪ್ಪವಾದ ಮೇಲೂ ಮುಂದುವರಿದು, ಕೊಕ್ಕೆಯ ಹಾಗೆ ಬಾಗಿ ಚೂಪಾಗುತ್ತದೆ. ಪತಂಗಗಳದ್ದು ಸಾಮಾನ್ಯವಾಗಿ ದಾರದ ಹಾಗೆ ತೆಳು, ಇಲ್ಲವೇ ಗರಿಗರಿ. ಜೊತೆಗೆ ಇನ್ನೂ ನಾಲ್ಕು ಗುರುತು ನೋಡಿ: ಮೀಸೆಗಳೆರಡರ ಬುಡದ ನಡುವೆ ಅಂತರ, ಅಗಲವಾದ ತಲೆ, ದೊಡ್ಡ ಕಣ್ಣು, ರೆಕ್ಕೆಗೆ ಹೋಲಿಸಿದರೆ ದಪ್ಪ ಮೈ.

ಅಪವಾದಗಳೂ ಉಂಟು. ಹುಲ್ಲಿನಲ್ಲಿ ಸಿಗುವ ಗ್ರಾಸ್ ಡಾರ್ಟ್‌ಗಳ (ಟಾರಾಕ್ಟ್ರೊಸೆರಾ ಕುಲ) ಮೀಸೆಯ ತುದಿಗೆ ಕೊಕ್ಕೆ ಇಲ್ಲ; ಅಲ್ಲಿ ಚಪ್ಪಟೆಯಾಗಿ ತುಸು ತಗ್ಗಾಗಿರುತ್ತದೆ. ಹಾಗಾಗಿ ಇಂಥ ಕಿತ್ತಳೆ-ಕಂದು ಪುಟಾಣಿಯಲ್ಲಿ ಕೊಕ್ಕೆ ಕಾಣದಿದ್ದರೆ ಆ ಕೊರತೆಯೇ ನಿಮಗೆ ಕುಲದ ಸುಳಿವು.

ಹಿಂದೆ ಸ್ಕಿಪ್ಪರುಗಳನ್ನು ಚಿಟ್ಟೆಗಳಿಂದ ಬೇರೆ ಮಾಡಿ ಪ್ರತ್ಯೇಕ ಮಹಾಕುಟುಂಬದಲ್ಲಿ ಇಡುತ್ತಿದ್ದರು. ಡಿಎನ್‌ಎ ಅಧ್ಯಯನಗಳ ನಂತರ ಅವು ಚಿಟ್ಟೆಗಳ ಮಹಾಕುಟುಂಬದೊಳಗೇ ಸೇರಿದವು. ಹಳೆಯ ಗೊಂದಲಕ್ಕೆ ಕಾರಣವಿಲ್ಲದಿರಲಿಲ್ಲ. ಪೂರ್ವ ಆಸ್ಟ್ರೇಲಿಯಾದ ಮಳೆಕಾಡಿನ ರೀಜೆಂಟ್ ಸ್ಕಿಪ್ಪರ್‌ನ ಗಂಡಿನಲ್ಲಿ, ಮುಂದಿನ ಮತ್ತು ಹಿಂದಿನ ರೆಕ್ಕೆಗಳನ್ನು ಸಿಕ್ಕಿಸುವ ಮುಳ್ಳು ಇಂದಿಗೂ ಇದೆ. ಅದು ಪತಂಗಗಳ ಲಕ್ಷಣ. ಬೇರೆ ಯಾವ ಚಿಟ್ಟೆಗೂ ಇಲ್ಲ.

2. ಕೂತ ಭಂಗಿ ನೋಡಿ ಗುಂಪು ಹೇಳಿ

ನಮ್ಮಲ್ಲಿ ಸಿಗುವ ಸ್ಕಿಪ್ಪರುಗಳನ್ನು ಕೂರುವ ರೀತಿಯಿಂದಲೇ ಮೂರು ಗುಂಪು ಮಾಡಬಹುದು.

ಫ್ಲಾಟ್‌ಗಳು: ರೆಕ್ಕೆಗಳನ್ನು ಪೂರ್ತಿ ಬಿಡಿಸಿ, ಎಲೆಗೆ ಅಂಟಿಸಿದ ಹಾಗೆ ಕೂರುತ್ತವೆ. ಹಲವು ಪ್ರಭೇದಗಳು ಎಲೆಯ ಅಡಿಭಾಗಕ್ಕೆ ಹೋಗಿ ತಲೆಕೆಳಗಾಗಿ ಕೂತುಬಿಡುತ್ತವೆ.

ಆಲ್‌ಗಳು: ರೆಕ್ಕೆ ಮುಚ್ಚಿ, ನೆರಳಿನಲ್ಲಿ, ಎಲೆಯಡಿ ಕೂರುತ್ತವೆ. ರೆಕ್ಕೆ ಉದ್ದ, ಮುಖದ ಮುಂದೆ ಸೂಜಿಯಂಥ ಮೊನೆ ಚಾಚಿರುತ್ತದೆ.

ಹುಲ್ಲು ಸ್ಕಿಪ್ಪರುಗಳು: ಬಿಸಿಲು ಕಾಯುವಾಗ ಹಿಂದಿನ ರೆಕ್ಕೆ ನೆಲಕ್ಕೆ ಸಮಾನಾಂತರ, ಮುಂದಿನ ರೆಕ್ಕೆ ಅರ್ಧ ಮೇಲಕ್ಕೆ. ಪಕ್ಕದಿಂದ ನೋಡಿದರೆ ಟೇಕಾಫ್‌ಗೆ ನಿಂತ ಜೆಟ್ ವಿಮಾನ. ಸ್ವಿಫ್ಟ್, ಡಾರ್ಟ್, ಹಾಪರ್, ಬಾಬ್ ಎಂಬ ಹೆಸರಿನವೆಲ್ಲ ಈ ಗುಂಪಿನವು.

ಫೋಟೊ ತೆಗೆಯಲು ಆಗದಿದ್ದರೂ ಪರವಾಗಿಲ್ಲ, ಭಂಗಿಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ‘ಕಂದು, ರೆಕ್ಕೆ ಚಪ್ಪಟೆ, ಎಲೆಯಡಿ’ ಎಂಬ ನಾಲ್ಕು ಪದದ ಟಿಪ್ಪಣಿ ಮಸುಕಾದ ಹತ್ತು ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ.

3. ಹೊತ್ತು ತಿಳಿದು ಹೊರಡಿ

ಚಿಟ್ಟೆ ನೋಡಲು ಮಧ್ಯಾಹ್ನದ ಬಿಸಿಲೇ ಸರಿ ಎಂಬ ನಂಬಿಕೆ ಸ್ಕಿಪ್ಪರ್ ವಿಷಯದಲ್ಲಿ ಕೈಕೊಡುತ್ತದೆ. ಹುಲ್ಲು ಸ್ಕಿಪ್ಪರುಗಳಿಗೆ ಬೆಳಗಿನ ಎಳೆಬಿಸಿಲು ಪ್ರಶಸ್ತ. ಮೈ ಬಿಸಿಯಾಗುವ ತನಕ ಅವು ಕದಲದೆ ಕೂರುವುದರಿಂದ ಮೊಬೈಲ್ ಕ್ಯಾಮೆರಾಕ್ಕೂ ಸಿಗುತ್ತವೆ. ಹತ್ತೂವರೆ ದಾಟಿತೆಂದರೆ ಹತ್ತಿರ ಸೇರಿಸುವುದಿಲ್ಲ.

ಆಲ್‌ಗಳು ಮತ್ತು ಕೆಂಗಣ್ಣಿನ ರೆಡ್‌ಐ ಸ್ಕಿಪ್ಪರುಗಳು ಮುಂಜಾವ, ಮುಸ್ಸಂಜೆಯ ಪ್ರಾಣಿಗಳು. ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಹೂವಿನ ಬಳ್ಳಿಯ ಸುತ್ತ ಗಿರಕಿ ಹೊಡೆಯುವುದನ್ನೆಲ್ಲ ಪತಂಗವೆಂದು ತಳ್ಳಿಹಾಕಬೇಡಿ. ಅದರಲ್ಲಿ ಜೈಂಟ್ ರೆಡ್‌ಐ ಇರಬಹುದು. ರೆಕ್ಕೆ ಬಿಡಿಸಿದರೆ ಏಳು ಸೆಂಟಿಮೀಟರ್ ದಾಟುವ ಇದು ಸ್ಕಿಪ್ಪರುಗಳಲ್ಲಿ ದೈತ್ಯ, ಒಮ್ಮೊಮ್ಮೆ ದೀಪದ ಬೆಳಕಿಗೂ ಬರುತ್ತದೆ. ಫ್ಲಾಟ್‌ಗಳು ಬಿಸಿಲು-ನೆರಳು ಬೆರೆತ ಕಾಲುದಾರಿಯ ಅಂಚಿನಲ್ಲಿ ಸಿಗುತ್ತವೆ. ಎಗರಿದರೂ ಸುತ್ತು ಹಾಕಿ ಹಿಂದಿನ ಜಾಗಕ್ಕೇ ಬರುವುದು ಇವುಗಳ ಅಭ್ಯಾಸ. ಬೆನ್ನಟ್ಟಬೇಡಿ, ನಿಂತಲ್ಲೇ ನಿಲ್ಲಿ.

ವರ್ಷದ ಲೆಕ್ಕದಲ್ಲಾದರೆ ಮುಂಗಾರು ಇಳಿದು ಹಿಂಗಾರು ಹಿಡಿಯುವ ಸೆಪ್ಟೆಂಬರ್‌ನಿಂದ ನವೆಂಬರ್ ಬೆಂಗಳೂರಿಗೆ ಒಳ್ಳೆಯ ಕಾಲ. ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ, ಬಿಸಿಲಿಗೆ ಇನ್ನೂ ತೀಕ್ಷ್ಣತೆ ಬಂದಿರುವುದಿಲ್ಲ.

4. ಗಿಡ ಗುರುತಿಸಲು ಕಲಿಯಿರಿ, ಚಿಟ್ಟೆ ತಾನಾಗಿ ಬರುತ್ತದೆ

ಹನ್ನೆರಡರಲ್ಲಿ ಒಂದೇ ಸೂತ್ರ ಇಟ್ಟುಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳಿ. ಚಿಟ್ಟೆ ಯಾವ ಹೂವಿನ ಮಕರಂದವನ್ನಾದರೂ ಹೀರೀತು. ಮೊಟ್ಟೆಯನ್ನು ಮಾತ್ರ ತನ್ನ ಮರಿಹುಳು ತಿನ್ನಬಲ್ಲ ಗಿಡದ ಮೇಲೆಯೇ ಇಡಬೇಕು. ಪಶ್ಚಿಮ ಬೆಂಗಳೂರಿನಲ್ಲಿ ಇಷ್ಟನ್ನು ತಿಳಿದಿದ್ದರೆ ಆರಂಭಕ್ಕೆ ಸಾಕು:

ಹೊಂಗೆ: ಕಾಮನ್ ಬ್ಯಾಂಡೆಡ್ ಆಲ್.
ತೆಂಗು, ಈಚಲು, ಕುಂಡದ ಅಲಂಕಾರಿಕ ತಾಳೆ: ಪಾಮ್ ಬಾಬ್, ಜೈಂಟ್ ರೆಡ್‌ಐ.
ಅರಿಶಿನ, ಶುಂಠಿ, ಸುಗಂಧಿ: ಗ್ರಾಸ್ ಡೀಮನ್.
ಬಿದಿರು: ಕಾಮನ್ ರೆಡ್‌ಐ, ಡಾರ್ಕ್ ಪಾಮ್ ಡಾರ್ಟ್.
ಹುಲ್ಲು, ಭತ್ತ: ರೈಸ್ ಸ್ವಿಫ್ಟ್ ಮತ್ತು ಅದರ ಬಳಗ, ಚೆಸ್ಟ್‌ನಟ್ ಬಾಬ್, ಬುಷ್ ಹಾಪರ್.
ಗೋರಂಟೆ ಬಳಗದ ಕಳೆಗಿಡಗಳು: ಕಾಮನ್ ಸ್ಮಾಲ್ ಫ್ಲಾಟ್.
ತಾರೆ ಮರ: ಬ್ರೌನ್ ಆಲ್.
ಎಡಮುರಿ: ಗೋಲ್ಡನ್ ಆಂಗಲ್.
ಕಾಡುಗೆಣಸಿನ ಬಳ್ಳಿ: ವಾಟರ್ ಸ್ನೋ ಫ್ಲಾಟ್.

ಗಿಡದ ಕಡೆಯಿಂದ ಚಿಟ್ಟೆಯನ್ನು ತಲುಪುವ ಈ ದಾರಿ ನಮ್ಮ ನಾಡಿನಲ್ಲೇ ಸವೆದದ್ದು. ಉತ್ತರ ಕನ್ನಡದ ಕಾರವಾರದಲ್ಲಿ ಅರಣ್ಯ ಇಲಾಖೆಯ ಟಿ.ಆರ್. ಬೆಲ್, ಜಿಲ್ಲಾಡಳಿತದ ಜೆ. ಡೇವಿಡ್‌ಸನ್, ಉಪ್ಪು-ಸುಂಕ ಇಲಾಖೆಯ ಇ.ಎಚ್. ಐಟ್ಕನ್ ಎಂಬ ಮೂವರು ಅಧಿಕಾರಿಗಳು ಘಟ್ಟದ ಕಾಡಿನಿಂದ ಮರಿಹುಳುಗಳನ್ನು ತಂದು, ಅವು ತಿನ್ನುವ ಎಲೆ ಕೊಟ್ಟು ಸಾಕಿ, ಹೊರಬಂದ ಚಿಟ್ಟೆಯ ಗುರುತು ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳ ಕುರಿತ ಅವರ ಬರಹಗಳು 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂದವು. ಬೆಲ್ 1909ರಿಂದ ಮತ್ತೊಂದು ದೀರ್ಘ ಸರಣಿ ಬರೆದರು; ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು. ದಕ್ಷಿಣ ಭಾರತದ ಯಾವ ಸ್ಕಿಪ್ಪರ್ ಯಾವ ಗಿಡದ್ದು ಎಂಬ ನಮ್ಮ ಇಂದಿನ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಅವರು ಸಾಕಿದ ಹುಳುಗಳದ್ದು.

ಅದೇ ದಾರಿ ನೂರು ವರ್ಷದ ಮೇಲೆ ಮಧ್ಯ ಅಮೆರಿಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಕೋಸ್ಟರಿಕಾದ ಗ್ವಾನಾಕಾಸ್ಟೆ ಕಾಡುಗಳಲ್ಲಿ ಜೀವವಿಜ್ಞಾನಿ ಡೇನಿಯಲ್ ಜಾನ್ಜನ್ ತಂಡ ಒಂದೇ ಪ್ರಭೇದವೆಂದು ನಂಬಿದ್ದ ಸ್ಕಿಪ್ಪರಿನ ಹುಳುಗಳನ್ನು ವರ್ಷಗಟ್ಟಲೆ ಸಾಕಿತು. ಚಿಟ್ಟೆಗಳು ನೋಡಲು ಒಂದೇ, ಹುಳುಗಳ ಬಣ್ಣ ಬೇರೆ ಬೇರೆ, ತಿನ್ನುವ ಗಿಡವೂ ಬೇರೆ. ಸಂಶೋಧಕ ಪಾಲ್ ಹೆಬರ್ಟ್ ಜೊತೆ ಡಿಎನ್‌ಎ ಪರೀಕ್ಷಿಸಿ, ‘ಒಂದರೊಳಗೆ ಹತ್ತು ಪ್ರಭೇದ’ ಇವೆ ಎಂದು 2004ರಲ್ಲಿ ಪ್ರಕಟಿಸಿದರು. ಹತ್ತೋ ಅದಕ್ಕಿಂತ ಕಡಿಮೆಯೋ ಎಂಬ ವಾದ ಆಮೇಲೆ ನಡೆಯಿತು. ಒಂದಕ್ಕಿಂತ ಹೆಚ್ಚು ಎಂಬುದರಲ್ಲಿ ತಕರಾರು ಉಳಿಯಲಿಲ್ಲ. ರೆಕ್ಕೆಯಲ್ಲಿ ಕಾಣದ ಭೇದ ಗಿಡದಲ್ಲಿ ಕಂಡಿತ್ತು.

5. ಸುರುಳಿ ಸುತ್ತಿದ ಎಲೆ ಕಂಡರೆ ನಿಲ್ಲಿ

ಹಾರುವ ಸ್ಕಿಪ್ಪರ್ ನಿಮಗೆ ಕೊಡುವುದು ಕ್ಷಣ. ಅದರ ಮರಿಹುಳು ವಾರಗಟ್ಟಲೆ ಕೊಡುತ್ತದೆ. ಎಲೆಯ ಅಂಚನ್ನು ಮಡಿಚಿ ರೇಷ್ಮೆಯೆಳೆಯಿಂದ ಹೊಲಿದು, ಒಳಗೆ ಅಡಗಿ ಕೂತು ತಿನ್ನುವುದು ಸ್ಕಿಪ್ಪರ್ ಹುಳುಗಳ ಹುಟ್ಟುಗುಣ. ದೊಡ್ಡ ತಲೆ, ಅದರ ಹಿಂದೆ ಹಿಡಿದು ಕಟ್ಟಿದಂಥ ಸಣ್ಣ ಕತ್ತು ಇದ್ದರೆ ಸ್ಕಿಪ್ಪರ್ ಹುಳುವೆಂದು ಧೈರ್ಯವಾಗಿ ಹೇಳಬಹುದು.

ಗೌರಿ ಹಬ್ಬದ ಹೊತ್ತಿಗೆ ತಾರಸಿಯ ಕುಂಡದಲ್ಲಿ ಬೆಳೆದ ಅರಿಶಿನದ ಎಲೆ ಕೊಳವೆಯಾಗಿದ್ದರೆ ಗ್ರಾಸ್ ಡೀಮನ್‌ ಇರಬಹುದು. ತೆಂಗಿನ ಗರಿ ಸುರುಳಿಯಾಗಿ, ಒಳಗೆ ಉದ್ದುದ್ದ ಬಿಳಿ ಮೇಣದ ಎಳೆ ಹೊದ್ದ ಹುಳುವಿದ್ದರೆ ಅದು ಜೈಂಟ್ ರೆಡ್‌ಐ. ಅಂಥ ವೇಷ ತೊಟ್ಟ ಇನ್ನೊಂದು ಸ್ಕಿಪ್ಪರ್ ಹುಳು ನಮ್ಮ ಬಡಾವಣೆಯ ತೆಂಗಿನಲ್ಲಿಲ್ಲ. ಯುಗಾದಿಯ ಆಸುಪಾಸು ಹೊಂಗೆ ಚಿಗುರಿದಾಗ ಎಳೆಯೆಲೆಗಳು ಜೋಡಿಜೋಡಿಯಾಗಿ ಅಂಟಿಕೊಂಡಿದ್ದರೆ ಬ್ಯಾಂಡೆಡ್ ಆಲ್ ಹುಳುವಿಗಾಗಿ ಬಿಡಿಸಿ ನೋಡಿ.

ಹುಳುವಿನ ಈ ಎಲೆಮನೆಯೊಳಗೆ ಹಿಕ್ಕೆ ಕಾಣುವುದಿಲ್ಲವಲ್ಲ ಎಂದು ಅಚ್ಚರಿಪಡಬೇಡಿ. ಅನೇಕ ಸ್ಕಿಪ್ಪರ್ ಹುಳುಗಳು ಹಿಕ್ಕೆಯನ್ನು ರಭಸದಿಂದ ದೂರಕ್ಕೆ ಚಿಮ್ಮುತ್ತವೆ. ಅಮೆರಿಕದ ಒಂದು ಪ್ರಭೇದದ ಹುಳು ತನ್ನ ಮೈಯುದ್ದದ 38 ಪಟ್ಟು ದೂರ ಎಸೆಯುವುದನ್ನು ಸಂಶೋಧಕಿ ಮಾರ್ಥಾ ವೈಸ್ 2003ರಲ್ಲಿ ವರದಿ ಮಾಡಿದರು. ಹಿಕ್ಕೆಯ ವಾಸನೆ ಹಿಡಿದು ಬೇಟೆಗಾರ ಕಣಜಗಳು ಬರುವುದರಿಂದ ಹುಳುವಿಗೆ ಈ ಶುಚಿತ್ವ ಪ್ರಾಣದ ಪ್ರಶ್ನೆ.

ಸಾಕಬೇಕೆನಿಸಿದರೆ ಸ್ವಂತ ಕುಂಡದ ಒಂದು ಹುಳು ಸಾಕು. ಬಾಯಿಗೆ ತೆಳು ಬಟ್ಟೆ ಕಟ್ಟಿದ ಡಬ್ಬಿ, ದಿನಕ್ಕೊಂದು ತಾಜಾ ಎಲೆ, ಚಿಟ್ಟೆ ಹೊರಬಂದ ದಿನ ಫೋಟೊ, ಆಮೇಲೆ ಬಿಡುಗಡೆ. ಅರಣ್ಯ ಪ್ರದೇಶದಿಂದ ಹುಳುವಾಗಲಿ ಚಿಟ್ಟೆಯಾಗಲಿ ತರಲೇಬೇಡಿ.

6. ಎಂಟನ್ನು ಕರಗತ ಮಾಡಿಕೊಳ್ಳಿ

ಮುನ್ನೂರನ್ನು ಕಲಿಯಲು ಹೊರಟವರು ಮೂರನ್ನೂ ಕಲಿಯುವುದಿಲ್ಲ. ಈ ಎಂಟು ಸರಿಯಾಗಿ ಗೊತ್ತಿದ್ದರೆ ಒಂಬತ್ತನೆಯದು ಬಂದ ದಿನ ಅದು ಹೊಸದೆಂದು ತಕ್ಷಣ ತಿಳಿಯುತ್ತದೆ.

ಚೆಸ್ಟ್‌ನಟ್ ಬಾಬ್: ಪುಟಾಣಿ. ರೆಕ್ಕೆಯ ಕೆಳಮೈ ಕೆಂಗಂದು, ಅದರ ಮೇಲೆ ಕೆಲವೇ ಬೆಳ್ಳಿ ಚುಕ್ಕೆ. ಹುಲ್ಲಿನ ಬುಡದಲ್ಲೇ ಓಡಾಟ.
ರೈಸ್ ಸ್ವಿಫ್ಟ್: ಹಸಿರುಗಂದು, ಮುಂದಿನ ರೆಕ್ಕೆಯಲ್ಲಿ ಪಾರದರ್ಶಕ ಚುಕ್ಕೆಗಳು.
ಡಾರ್ಕ್ ಪಾಮ್ ಡಾರ್ಟ್: ಕಿತ್ತಳೆ-ಕಪ್ಪು. ಕಿತ್ತಳೆ ಪಟ್ಟಿ ರೆಕ್ಕೆಯಂಚಿನವರೆಗೆ ನರಗಳ ಗುಂಟ ಚಾಚಿದ್ದರೆ ಅದು ಪೇಲ್ ಪಾಮ್ ಡಾರ್ಟ್. ನಡುವೆಯೇ ನಿಂತಿದ್ದರೆ ಡಾರ್ಕ್.
ಪಾಮ್ ಬಾಬ್: ಹಿಂದಿನ ರೆಕ್ಕೆಯ ಕೆಳಮೈ ಬೂದುಗಂದು, ಅದರಲ್ಲಿ ಎದ್ದು ಕಾಣುವ ಕಪ್ಪು ಚುಕ್ಕೆಗಳು.
ಗ್ರಾಸ್ ಡೀಮನ್: ಕಡುಕಂದು, ಹಿಂದಿನ ರೆಕ್ಕೆಯ ನಡುವೆ ದೊಡ್ಡ ಬಿಳಿ ತೇಪೆ. ಹಿಂದಿನ ರೆಕ್ಕೆ ಮೇಲ್ಮೈಯಲ್ಲಿ ಬರಿಗಪ್ಪಾಗಿದ್ದು ಮುಂದಿನದರಲ್ಲಿ ಮಾತ್ರ ಬಿಳಿ ಪಟ್ಟಿ ಇದ್ದರೆ ಅದು ಬೇರೆ ಡೀಮನ್, ನೊಟೊಕ್ರಿಪ್ಟಾ ಕುಲದ್ದು.
ಕಾಮನ್ ಬ್ಯಾಂಡೆಡ್ ಆಲ್: ಮುಚ್ಚಿದ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ, ಕೆಳಮೂಲೆಯಲ್ಲಿ ಕಪ್ಪು ಮಚ್ಚೆ.
ಇಂಡಿಯನ್ ಸ್ಕಿಪ್ಪರ್: ಕಪ್ಪು-ಬಿಳಿ ಚೌಕುಳಿ. ಬಿಸಿಲಿಗೆ ನೆಲದ ಹತ್ತಿರ ರೆಕ್ಕೆ ಬಿಡಿಸಿ ಕೂರುತ್ತದೆ.
ಕಾಮನ್ ಸ್ಮಾಲ್ ಫ್ಲಾಟ್: ಕಡುಕಂದು, ಸಣ್ಣಸಣ್ಣ ಚುಕ್ಕೆ. ಒಣಗಿದೆಲೆ, ಕಲ್ಲಿನ ಮೇಲೆ ಚಪ್ಪಟೆ.

7. ಮೊದಲ ಫೋಟೊ ಕೆಳಮೈಯದು

ರೆಕ್ಕೆಯ ಮೇಲ್ಮೈ ಚೆಂದ, ಆದರೆ ಹೆಸರು ಹೇಳುವ ಸುಳಿವು ಹೆಚ್ಚಾಗಿ ಹಿಂದಿನ ರೆಕ್ಕೆಯ ಕೆಳಮೈಯಲ್ಲಿರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಪಕ್ಕದಿಂದ ಮುಚ್ಚಿದ ರೆಕ್ಕೆ, ಆಮೇಲೆ ಮೇಲಿನಿಂದ, ಕೊನೆಗೆ ಮೀಸೆ ಮತ್ತು ಮುಖ. ಕ್ಯಾಮೆರಾದ ಕಣ್ಣು ರೆಕ್ಕೆಗೆ ನೇರವಾಗಿರಲಿ. ಓರೆಯಾದರೆ ಅರ್ಧ ಚುಕ್ಕೆಗಳು ಮಸುಕಾಗುತ್ತವೆ. ನಾಲ್ಕನೆಯ ಫೋಟೊ ಗಿಡದ್ದು. ಇದನ್ನು ಮರೆಯುವವರೇ ಜಾಸ್ತಿ.

ಎಲೆಯಡಿ ಕೂತ ಫ್ಲಾಟ್‌ಗೆ ಮೊಬೈಲನ್ನು ಸೆಲ್ಫಿಗೆ ಹಾಕಿ ಕೆಳಗಿನಿಂದ ಮೆಲ್ಲಗೆ ಚಾಚಿ. ನೆರಳು ಚಿಟ್ಟೆಯ ಮೇಲೆ ಬೀಳದ ಹಾಗೆ ಸರಿಯಿರಿ. ಅದು ಓಡುವುದು ನಿಮ್ಮ ಮಾತಿಗಿಂತ ನಿಮ್ಮ ನೆರಳಿಗೆ. ಒಣಗಿದ ಹಕ್ಕಿಹಿಕ್ಕೆಯ ಮೇಲೆ ಕೂತ ಸ್ಕಿಪ್ಪರ್ ಸಿಕ್ಕರೆ ನಿಮ್ಮ ಅದೃಷ್ಟ. ಹೊಟ್ಟೆಯ ತುದಿಯಿಂದ ಹನಿ ಬಿಟ್ಟು, ಹಿಕ್ಕೆ ನೆನೆಸಿ, ಕರಗಿದ ಲವಣವನ್ನು ಹೀರುವುದರಲ್ಲಿ ಮುಳುಗಿರುವ ಅದು ಅಷ್ಟು ಸುಲಭಕ್ಕೆ ಏಳುವುದಿಲ್ಲ.

8. ಸ್ವಿಫ್ಟ್ ಬಂದಾಗ ಚುಕ್ಕೆ ಎಣಿಸಿ

ಸ್ವಿಫ್ಟ್‌ಗಳು ಈ ವಿದ್ಯೆಯ ಎಸ್ಸೆಸ್ಸೆಲ್ಸಿ ಗಣಿತ. ಎಲ್ಲವೂ ಕಂದು, ಎಲ್ಲಕ್ಕೂ ಬಿಳಿ ಚುಕ್ಕೆ. ಇಲ್ಲಿ ನೇರವಾಗಿ ಹಿಂದಿನ ರೆಕ್ಕೆಯ ಕೆಳಮೈಗೆ ಹೋಗಿ, ಮೂರು ಪ್ರಶ್ನೆ ಕೇಳಿ.

ಚುಕ್ಕೆ ಇದೆಯೇ? ಇಲ್ಲವೇ ಇಲ್ಲವೆಂದರೆ ಕ್ಯಾಲ್ಟೊರಿಸ್ ಅಥವಾ ಬೇವೊರಿಸ್ ಕುಲದ ಕಡೆ ಯೋಚಿಸಿ. ಇದ್ದರೆ, ಸಾಲು ನೇರವೇ ಬಾಗಿದೆಯೇ? ನೇರವಾಗಿದ್ದರೆ ಪರ್ನಾರಾ. ಬಾಗಿದ್ದರೆ, ಆ ಸಾಲಿನಿಂದ ಒಳಗೆ, ಮೈಯ ಕಡೆಗೆ, ಒಂಟಿ ಚುಕ್ಕೆಯೊಂದು ಇದೆಯೇ? ಇದ್ದರೆ ಪೆಲೊಪಿಡಾಸ್, ಇಲ್ಲದಿದ್ದರೆ ಬೋರ್ಬೋ, ಎಂದರೆ ರೈಸ್ ಸ್ವಿಫ್ಟ್ ಇರುವ ಕುಲ.

ಮುಂದಿನ ರೆಕ್ಕೆಯ ಚುಕ್ಕೆಗಳಲ್ಲಿ ಬೆಳಕು ಹಾಯುವುದೇ ಎಂದೂ ನೋಡಿ. ಕೆಲವು ಗಾಜಿನಂತೆ ಪಾರದರ್ಶಕ, ಕೆಲವು ಬರೀ ಬಿಳಿ ಹುರುಪೆ. ಸೂರ್ಯನಿಗೆ ಎದುರಾಗಿ ಒಂದು ಫೋಟೊ ತೆಗೆದರೆ ಎರಡರ ವ್ಯತ್ಯಾಸ ಬಯಲಾಗುತ್ತದೆ.

9. ಹರೆಯ, ಮುಪ್ಪು, ಗಂಡು, ಹೆಣ್ಣು ಎಲ್ಲಕ್ಕೂ ಅವಕಾಶ ಕೊಡಿ

ಪುಸ್ತಕದ ಚಿತ್ರ ಹೊಸ ಚಿಟ್ಟೆಯದು. ನಿಮ್ಮೆದುರಿಗಿರುವುದು ಮುಳ್ಳು, ಮಳೆ, ಹಕ್ಕಿಯ ಕೊಕ್ಕು ಎಲ್ಲವನ್ನೂ ಕಂಡದ್ದು. ಹುರುಪೆ ಉದುರಿದ ಹಾಗೆ ಹಸಿರು ಹೊಳಪು ಹೋಗಿ ಕಂದು ಉಳಿಯುತ್ತದೆ, ಕಿತ್ತಳೆ ತೆಳುವಾಗುತ್ತದೆ, ರೆಕ್ಕೆಯಂಚಿನ ಜಾಲರು ಸವೆಯುತ್ತದೆ. ಬಣ್ಣ ಮಾಸಬಹುದು, ಗಾಜುಚುಕ್ಕೆಗಳ ಜಾಗ ಬದಲಾಗದು. ಹಳೆಯ ಚಿಟ್ಟೆಯಲ್ಲಿ ಸ್ಥಾನವನ್ನು ನಂಬಿ.

ಕೆಲವು ಪ್ರಭೇದಗಳ ಗಂಡಿಗೆ ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿ ಓರೆಗೀಟಿನಂಥ ವಾಸನೆಯ ಗುರುತು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಸ್ಮಾಲ್ ಬ್ರಾಂಡೆಡ್ ಸ್ವಿಫ್ಟ್ ಗಂಡಿನಲ್ಲಿ ಇದು ಸ್ಪಷ್ಟ. ಕಾಂಜಾಯಿನ್ಡ್ ಸ್ವಿಫ್ಟ್ ಗಂಡಿಗೆ ಇಲ್ಲವೇ ಇಲ್ಲ. ಗೋಲ್ಡನ್ ಆಂಗಲ್‌ನಂಥವು ಮಳೆಗಾಲಕ್ಕೊಂದು, ಒಣಗಾಲಕ್ಕೊಂದು ವೇಷ ತೊಡುತ್ತವೆ. ಹಾಗಾಗಿ ಫೋಟೊದ ಜೊತೆ ತಿಂಗಳು ಬರೆಯದಿದ್ದರೆ ಅರ್ಧ ಮಾಹಿತಿ ಕಳೆದಂತೆ.

10. ಈ ಊರಿಗೆ ಆ ಹೆಸರು ಒಪ್ಪುತ್ತದೆಯೇ ಕೇಳಿ

ಮೊಬೈಲ್ ಆ್ಯಪ್ ಒಂದು ಹೆಸರು ಕೊಟ್ಟಿತೆಂದು ಕುಣಿಯಬೇಡಿ. ಅದು ನೋಡುವುದು ಹೆಚ್ಚಾಗಿ ರೆಕ್ಕೆಯನ್ನು, ನಾವು ಕೊನೆಗೆ ಇಟ್ಟ ಸಾಕ್ಷಿಯನ್ನು. ಅತ್ತಿಗುಪ್ಪೆಯ ಪಾರ್ಕಿನ ಹುಲ್ಲಿನಲ್ಲಿ ಕಂಡದ್ದಕ್ಕೆ ಆ್ಯಪ್ ‘ಕನಾರಾ ಸ್ವಿಫ್ಟ್’ ಎಂದರೆ ಅನುಮಾನಪಡಿ. ಅದು ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಚಿಟ್ಟೆ. ಮೊದಲು ಹತ್ತಿರದ ಸಾಮಾನ್ಯ ಹೆಸರುಗಳನ್ನೆಲ್ಲ ಒರೆಗೆ ಹಚ್ಚಿ, ಯಾವುದೂ ಹೊಂದದಿದ್ದಾಗ ಮಾತ್ರ ಅಪರೂಪದ್ದಕ್ಕೆ ಕೈಹಾಕಿ. ಬ್ರೌನ್ ಆಲ್‌ನಂಥ ವಲಸೆಗಾರ ಸ್ಕಿಪ್ಪರುಗಳು ಗಿಡವಿಲ್ಲದ ಕಡೆಯೂ ಹಾದುಹೋಗುತ್ತವೆ ಎಂಬುದು ಮಾತ್ರ ನೆನಪಿರಲಿ.

ಹೋಲಿಸಿ ನೋಡಲು ಒಳ್ಳೆಯ ಆಕರಗಳು ನಮ್ಮಲ್ಲಿವೆ. ಕೃಷ್ಣಮೇಘ್ ಕುಂಟೆ ಅವರ ಪರ್ಯಾಯದ್ವೀಪ ಭಾರತದ ಚಿಟ್ಟೆಗಳ ಪುಸ್ತಕ 2000ದಲ್ಲಿ ಬಂತು, ಐಸಾಕ್ ಕೆಹಿಮ್ಕರ್ ಅವರ ಭಾರತದ ಚಿಟ್ಟೆಗಳ ಪುಸ್ತಕ 2008ರಲ್ಲಿ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಸಂಶೋಧಕರಾಗಿರುವ ಕುಂಟೆ ರೂಪಿಸಿದ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ತಾಣದಲ್ಲಿ ಪ್ರಭೇದವಾರು ಚಿತ್ರ, ಮರಿಹುಳು, ಆಹಾರದ ಗಿಡ, ಸಿಕ್ಕ ಜಿಲ್ಲೆ ಎಲ್ಲ ಒಂದೇ ಕಡೆ ಸಿಗುತ್ತವೆ.

11. ಕುಲದಲ್ಲಿ ನಿಲ್ಲುವುದೂ ಗೆಲುವೇ

ಕಿತ್ತಳೆ-ಕಪ್ಪು ಪೊಟಾಂಥಸ್ ಡಾರ್ಟ್‌ಗಳನ್ನು ಫೋಟೊದಿಂದ ಪ್ರಭೇದದ ತನಕ ಒಯ್ಯುವುದು ಪಂಡಿತರಿಗೂ ಕಷ್ಟ. ಅವುಗಳ ಖಚಿತ ಗುರುತಿಗೆ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಬ್ರಿಟಿಷ್ ಭಾರತದ ಸೇನೆಯಲ್ಲಿದ್ದ ಬ್ರಿಗೇಡಿಯರ್ ಡಬ್ಲ್ಯು.ಎಚ್. ಇವಾನ್ಸ್ 1927ರಲ್ಲಿ ಭಾರತದ ಚಿಟ್ಟೆಗಳ ಗುರುತಿನ ಕೈ‌ಪಿಡಿ ಬರೆದು, ನಿವೃತ್ತಿಯ ಮೇಲೆ ಲಂಡನ್ನಿನ ಮ್ಯೂಸಿಯಂನಲ್ಲಿ ಕೂತು, ಯುರೋಪ್-ಏಷ್ಯಾ-ಆಸ್ಟ್ರೇಲಿಯಾದ ಸ್ಕಿಪ್ಪರುಗಳ ಬೃಹತ್ ಪಟ್ಟಿಯನ್ನು 1949ರಲ್ಲಿ ಹೊರತಂದರು. ಅವರು ಆಧರಿಸಿದ್ದು ಸೂಜಿ ಚುಚ್ಚಿಟ್ಟ ಮಾದರಿಗಳನ್ನು. ನಮ್ಮ ಕೈಯಲ್ಲಿರುವುದು ಒಂದು ಕ್ಷಣದ ಫೋಟೊ.

ಆದ್ದರಿಂದ ‘ಪೊಟಾಂಥಸ್ ಕುಲ, ಪ್ರಭೇದ ತಿಳಿಯದು’ ಎಂದು ಬರೆಯಲು ಸಂಕೋಚ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ನೀವು ಊಹಿಸಿ ಬರೆದ ತಪ್ಪು ಹೆಸರನ್ನು ಮುಂದೆ ಯಾರೋ ನಂಬಿ, ಬೆಂಗಳೂರಿನ ಚಿಟ್ಟೆಗಳ ಪಟ್ಟಿಗೆ ಇಲ್ಲದ್ದೊಂದನ್ನು ಸೇರಿಸುತ್ತಾರೆ. ಕುಲದ ಮಟ್ಟದಲ್ಲಿ ಸರಿಯಾಗಿ ನಿಂತ ದಾಖಲೆಯನ್ನು ಬಲ್ಲವರು ಎಂದಾದರೂ ಮುಂದಕ್ಕೆ ಒಯ್ಯಬಹುದು.

12. ಒಂದು ದಾರಿ ಆರಿಸಿ, ಅದಕ್ಕೇ ಮತ್ತೆ ಮತ್ತೆ ಹೋಗಿ

ಹೊಸ ಜಾಗ ಹುಡುಕುವುದಕ್ಕಿಂತ ಗೊತ್ತಿರುವ ಜಾಗ ಹೆಚ್ಚು ಕಲಿಸುತ್ತದೆ. ರಾಜಾಜಿನಗರ, ಬಸವೇಶ್ವರನಗರದವರಿಗೆ ಹೊಂಗೆಮರದ ಬೀದಿ ಸಾಕು. ವಿಜಯನಗರದ ಬಾಲ್ಕನಿಯವರು ಒಂದು ಅರಿಶಿನದ ಕುಂಡ, ಒಂದು ತಾಳೆ ಇಟ್ಟು, ಕೀಟನಾಶಕ ಬಿಟ್ಟರೆ ಚಿಟ್ಟೆಯೇ ಬರುತ್ತದೆ. ಹುಲ್ಲಿನವುಗಳಿಗೆ ಮಲ್ಲತ್ತಹಳ್ಳಿ, ಉಲ್ಲಾಳ ಕೆರೆಗಳ ಅಂಚು. ನೇರಳೆ ಮಾರ್ಗದ ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿ ಮುಟ್ಟಿದ ಮೇಲೆ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದು ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮಿಕ್ಕಿದ ಆವರಣಕ್ಕೆ ಹೋಗುವುದು ಸುಲಭವಾಗಿದೆ. ಅಲ್ಲಿ ಬಿದಿರು, ಹೊಂಗೆ, ಹುಲ್ಲು, ಕುರುಚಲು ಒಟ್ಟಿಗೇ ಸಿಗುತ್ತವೆ. ಕಾಡಿನ ಫ್ಲಾಟ್‌ಗಳಿಗಾಗಿ ಕಣ್ಣು ಹಾಯಿಸಬೇಕಾದದ್ದು ಕೆಂಗೇರಿಯಾಚೆಯ ಸೂಲಿಕೆರೆ, ಇತ್ತ ತುರಹಳ್ಳಿಯ ಕುರುಚಲು ಕಾಡಿನ ಕಡೆಗೆ. ಅವು ಅರಣ್ಯ ಇಲಾಖೆಯ ಜಾಗ; ಪ್ರವೇಶದ ನಿಯಮ ವಿಚಾರಿಸಿಯೇ ಹೋಗಿ.

ಟಿಪ್ಪಣಿ ಪುಸ್ತಕದಲ್ಲಿ ಐದು ಕಾಲಂ ಗೀಟು ಹಾಕಿ: ದಿನಾಂಕ, ಹೊತ್ತು, ಗಿಡ, ಭಂಗಿ, ಹೆಸರು. ಹೆಸರಿನ ಕಾಲಂ ಕೊನೆಯದು, ಅದು ಖಾಲಿಯೂ ಇರಬಹುದು. ಏನೂ ಕಾಣದ ದಿನ ‘ಏನೂ ಇಲ್ಲ’ ಎಂದು ಬರೆಯಿರಿ. ಹೊಂಗೆಯ ಕೊಂಬೆ ಕಡಿದರೆ, ಖಾಲಿ ಸೈಟಿನಲ್ಲಿ ಪಾಯ ತೋಡಿದರೆ ಅದನ್ನೂ ಬರೆಯಿರಿ. ಸೆಪ್ಟೆಂಬರ್ ಬಂದಾಗ ದೇಶದಾದ್ಯಂತ 2020ರಿಂದ ನಡೆಯುತ್ತಿರುವ ‘ಬಿಗ್ ಬಟರ್‌ಫ್ಲೈ ಮಂತ್’ ಎಣಿಕೆಗೆ ನಿಮ್ಮ ಬೀದಿಯ ಲೆಕ್ಕವನ್ನೂ ಕೊಡಿ. ರಾಜಾಜಿನಗರದ ಯಾವ ಹೊಂಗೆಯಲ್ಲಿ ಯಾವ ತಿಂಗಳು ಬ್ಯಾಂಡೆಡ್ ಆಲ್ ಮೊಟ್ಟೆ ಇಡುತ್ತದೆ ಎಂಬ ಪ್ರಶ್ನೆಗೆ ದೊಡ್ಡ ಪುಸ್ತಕಗಳು ಉತ್ತರ ಕೊಡಲಾರವು. ಒಂದು ವರ್ಷ ಅದೇ ಮರದಡಿ ನಿಂತು ಕಾಲಂ ತುಂಬಿಸಿದರೆ ನೀವು ಕೊಡಬಲ್ಲಿರಿ.